ಬದುವಿನ ತಂಗಡಿ

ಅಕ್ಕೂರಿನ ಮಧುಕುಮಾರನಿಗೆ ಧೈರ್ಯ ಇರಲಿಲ್ಲವೆಂದಲ್ಲ. ಎದುರಿಗೆ ಯಾರೂ ಇಲ್ಲದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ದಿನವಿಡೀ ಮರದ ಸಿಪಾಯಿಗಳಿಗೆ ಬಣ್ಣ ಹಚ್ಚುವ ಕೆಲಸ ಅವನದು. ಆ ಸಿಪಾಯಿಗಳಾದರೂ ತನಗಿಂತ ನೆಟ್ಟಗೆ ನಿಲ್ಲುತ್ತವೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಅವನವ್ವ ಅಂಕಮ್ಮ ಬಗ್ಗುತ್ತಿದ್ದುದು ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಅಷ್ಟೇ.

ಅವಳ ತೋಟದ ಬದುವಿನುದ್ದಕ್ಕೂ ತಂಗಡಿ ಗಿಡ. ಎದೆಯೆತ್ತರ, ಮೈತುಂಬ ಅರಿಶಿನದಂಥ ಹೂ. ನೆಟ್ಟವರಿಲ್ಲ, ನೀರೆರೆದವರಿಲ್ಲ. ಅಂಕಮ್ಮ ಬೆಳಿಗ್ಗೆ ಎದ್ದು ಹಲ್ಲುಜ್ಜುವುದು ಅದರ ಕಡ್ಡಿಯಲ್ಲಿ, ಕುದಿಸಿ ಕುಡಿಯುವುದು ಅದರ ಹೂವಿನ ಕಷಾಯ. ಸೊಪ್ಪು ಗದ್ದೆಯ ಗೊಬ್ಬರಕ್ಕೆ. ಕಡಿದ ರೆಂಬೆ ಹಿತ್ತಲ ಸೂರಿನಡಿ ಒಲೆಗೆಂದು ಒಣಗುತ್ತಿತ್ತು.

ಪಕ್ಕದ ಹೊಲ ಕೊಂಡ ಬೋರಲಿಂಗಯ್ಯನಿಗೆ ಅದನ್ನು ಸೈಟು ಮಾಡಿ ಮಾರಲು ದಾರಿ ಬೇಕಿತ್ತು. ಆ ಗಿಡಗಳನ್ನು ಬುಡಸಮೇತ ಕಿತ್ತರೆ ಬದುವಿನ ಮೇಲೆ ಟೆಂಪೋ ಓಡಾಡಬಹುದು. ಅಂಕಮ್ಮ ಒಪ್ಪಿರಲಿಲ್ಲ. ತೊಡಕೆಂದರೆ, ಊರಲ್ಲಿ ಚಂದ್ರಿಕೆ ಬಾಡಿಗೆಗೆ ಕೊಡುತ್ತಿದ್ದವನೂ ಅವನೇ. ಸೊಪ್ಪು ಮೇಯ್ದು ಮುಗಿಸಿ ಹಣ್ಣಾದ ರೇಷ್ಮೆ ಹುಳುವನ್ನು ಗೂಡು ಕಟ್ಟಲು ಬಿಡುವ ಆ ಬಿದಿರಿನ ತಟ್ಟೆ ಇಲ್ಲದಿದ್ದರೆ ಇಡೀ ಬೆಳೆ ಕೈಬಿಟ್ಟಂತೆ.

ಅಂಕಮ್ಮ ಸಾಕಿದ ಹುಳು ಹಣ್ಣಾದ ಬೆಳಿಗ್ಗೆ ಮಧು ರಜೆ ಹಾಕಿ ಚಂದ್ರಿಕೆ ತರಲು ಹೋದ.

"ಕೊಡ್ತೀನಿ ಕಣ್ಲಾ, ಯಾರ್ ಬ್ಯಾಡ ಅಂದೋರು?" ಬೋರಲಿಂಗಯ್ಯ ಕಾಫಿ ಹೀರಿದ. "ನಿಮ್ಮವ್ವ ಸಂಜೆ ಒಳಗೆ ಗಿಡ ಕಿತ್ತಾಕ್ಲಿ. ನಾನೇ ಟೆಂಪೋದಾಗೆ ತಂದು ಇಳಿಸ್ತೀನಿ."

ಅದಕ್ಕೆ ಕೊಡಬಹುದಾದ ಖಾರದ ಉತ್ತರಗಳೆಲ್ಲ ಮಧುವಿಗೆ ಮನೆಗೆ ಬರುವ ದಾರಿಯಲ್ಲಿ ಹೊಳೆದವು. ಅಲ್ಲಿ ಅವನು ಅಂದದ್ದು ಇಷ್ಟೇ: "ಆಯ್ತಣ್ಣ."

"ಆಯ್ತಣ್ಣ ಅಂದ್ಬುಟ್ಟು ಬಂದ್ಯಾ?" ಹುಳುಮನೆಯ ಬಾಗಿಲಲ್ಲಿ ಅಂಕಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹುಳ ಆದ್ರೂ ಒಸಿ ತಲೆ ಎತ್ತುತ್ತೆ. ನಿಂಗೆ ಅದೂ ಇಲ್ವಲ್ಲೋ!"

"ಹುಳ ನಾಳೆಗಂಟ ಕಾಯ್ತಾವಾ? ಗಿಡ ತಾನೆ ಕಣವ್ವ, ಬುಟ್ಕೊಡು."

ಒಳಗೆ ಹುಳುಗಳು ಜೇನಿನ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ಕತ್ತೆತ್ತಿ ಆಸರೆ ಹುಡುಕುತ್ತಿದ್ದವು. ಅಂಕಮ್ಮ ಒಂದು ಗಳಿಗೆ ಅವನ್ನೇ ನೋಡಿದಳು. ಆಮೇಲೆ ಹೋಗಿ ಸೂರಿನಡಿಯ ತಂಗಡಿ ಹೊರೆಯನ್ನು ಎಳೆದಳು.

"ನಮ್ಮತ್ತೆ ಕಾಲದಾಗೆ ಇದ್ರ ಮ್ಯಾಲೇ ಬುಡ್ತಿದ್ರಂತೆ. ನಾನ್ ಕಂಡಿಲ್ಲ. ಇವತ್ತು ಕಾಣ್ತೀನಿ."

"ಕಟ್ದೇ ಹೋದ್ರೆ?"

"ಹೋಗ್ಲಿ. ಬದು ಕೊಟ್ಟು ಕಟ್ಟಿಸ್ಕೊಳ್ಳೋ ಗೂಡು ನಂಗ್ ಬ್ಯಾಡ. ಹಿಡ್ಕೊ ಆ ಕಡೆ, ಸಿಪಾಯಿ!"

ರೆಂಬೆಗಳನ್ನು ಕೊಡವಿ ಹಾಸಿದರು. ಸಾಲಲಿಲ್ಲ. ಬದುವಿನ ಗಿಡಗಳನ್ನೂ ಮೊಣಕಾಲೆತ್ತರಕ್ಕೆ ಸವರಿ, ಎಲೆ ಉದುರಿಸಿ ತಂದರು. ಹುಳುಗಳಿಗೆ ಹೊಸ ಮನೆ ತಕ್ಷಣ ಒಗ್ಗಲಿಲ್ಲ. ಕೆಲವು ಗೋಡೆ ಹತ್ತಿದವು, ಒಂದು ಮಧುವಿನ ಕಾಲರ್ ಹತ್ತಿತು. ಸಂಜೆ ಹೊತ್ತಿಗೆ ಒಂದು ಕವಲಿನಲ್ಲಿ ಬಿಳಿ ನೂಲು ಕಂಡಿತು. ಅಂಕಮ್ಮ ಅದನ್ನು ಮುಟ್ಟಲಿಲ್ಲ, ಮಗನನ್ನೂ ಮುಟ್ಟಗೊಡಲಿಲ್ಲ.

ಅಷ್ಟರಲ್ಲಿ ಬೋರಲಿಂಗಯ್ಯ ಟೆಂಪೋದಲ್ಲಿ ಚಂದ್ರಿಕೆ ಹೇರಿಕೊಂಡು ಬಂದ. "ಏನ್ ಅಂಕಕ್ಕ, ಅರ್ಧಕ್ಕೇ ಕಡ್ದಿದ್ದೀಯ? ಬುಡ ಕೀಳಲ್ವಾ?"

ಅಂಕಮ್ಮ ಹುಳುಮನೆಯ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ಅವನು ಇಣುಕಿದ. ಮುಖ ಹುಳ್ಳಗಾಯಿತು. "ಲೇ ಮಧು, ನೀನಾದ್ರೂ ಬುದ್ಧಿ ಹೇಳ್ಲಾ ನಿಮ್ಮವ್ವಂಗೆ."

ಮಧುವಿನ ಗಂಟಲಿಗೆ ಅಭ್ಯಾಸಬಲದಿಂದ "ಆಯ್ತಣ್ಣ" ಬಂದೇಬಿಟ್ಟಿತ್ತು. ಕಷ್ಟಪಟ್ಟು ನುಂಗಿದ. "ಹಿಂದ್ಗಡೆ ಚರಂಡಿ ಐತಣ್ಣ," ಎಂದ. "ಟೆಂಪೋ ನೋಡ್ಕೊಂಡು ತಿರುಗಿಸ್ಕೊ."

ಇದು ಯುದ್ಧ ಘೋಷಣೆಯೋ ಉಪಕಾರವೋ ಅವನಿಗೇ ಗೊತ್ತಾಗಲಿಲ್ಲ. ಆದರೆ ಟೆಂಪೋ ತಿರುಗಿತು.

ಗೂಡು ಚೆನ್ನಾಗಿಯೇ ಬಂತೆಂದರೆ ಸುಳ್ಳಾಗುತ್ತದೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಬಹಳ, ಕಸವೂ ಬಹಳ. ರಾಮನಗರದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಮುಜೀಬ್ ಒಂದು ಚೂರು ಕಡ್ಡಿ ಎತ್ತಿ ತೋರಿಸಿದ. "ಏನಮ್ಮಾ, ಗೂಡಿನ ಜೊತೆ ಸೌದೆ ಬೇರೆ ತಂದಿದ್ದೀರಾ?"

"ಸೌದೆ ಪುಕ್ಸಟ್ಟೆ ಕಣಪ್ಪ, ಮಡೀಕೊ," ಎಂದಳು ಅಂಕಮ್ಮ. ಕಡಿಮೆ ಬೆಲೆಗೇ ಮಾರಿ ಬಂದಳು.

ಮಾರನೆಯ ದಿನ ಅವಳು ಒಣಗಿದ ತಂಗಡಿ ಕಾಯಿ ಬಿಡಿಸಿ, ಬದುವಿನಲ್ಲಿ ಗಿಡ ತೆಳುವಾಗಿದ್ದ ಕಡೆಯೆಲ್ಲ ಬೀಜ ಊರುತ್ತಿದ್ದಳು. ಕವರು ಹಿಡಿದು ಹಿಂದೆ ಮಧು. ಬೋರಲಿಂಗಯ್ಯ ಹೊಲ ದಾಟಿ ಬಂದು ಎದುರಿಗೆ ನಿಂತ.

"ಈ ಸಲ ಹೆಂಗೋ ಆಯ್ತು. ಮುಂದಿನ ಬೆಳೆಗೆ ಏನ್ ಮಾಡ್ತೀಯಕ್ಕ?"

ಅಂಕಮ್ಮ ತಲೆಯೆತ್ತಲಿಲ್ಲ. "ಒಸಿ ಆ ಕಡೆ ನಿಂತ್ಕೊ ಬೋರಣ್ಣ. ಬೀಜ ತುಳೀತಾ ಇದ್ದೀಯ."