ಸದ್ದಿಲ್ಲದೆ ಇಳಿಯುತ್ತಿದ್ದ ಕಾರು

ಸರೋಜಮ್ಮನವರ ಕಾರು ಏರು ಹತ್ತುವಾಗ ಊರಿಗೆಲ್ಲ ಕೇಳುತ್ತಿತ್ತು, ಇಳಿಯುವಾಗ ಯಾರಿಗೂ ಕೇಳುತ್ತಿರಲಿಲ್ಲ. ಬಾಳೂರಿನಿಂದ ಕಳಸದ ಕಡೆಗೆ ಇಳಿಜಾರು ಶುರುವಾಗುವಲ್ಲಿ ಅವರು ಗೇರು ತೆಗೆದು, ಕೀಲಿ ತಿರುಗಿಸಿ, ಎಂಜಿನ್ ನಿಲ್ಲಿಸಿಬಿಡುತ್ತಿದ್ದರು. ಪೆಟ್ರೋಲ್ ಉಳಿಸುವ ಈ ಅಭ್ಯಾಸ ಆಗ ನಮ್ಮ ಕಡೆ ಬಹಳ ಮಂದಿಗಿತ್ತು. ಆದರೆ ಅವರಷ್ಟು ದೂರ ಹಾಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ತಿರುವಿನಲ್ಲಿ ಕೆನೆ ಬಣ್ಣದ ಹಳೆಯ ಅಂಬಾಸಿಡರ್ ಏಕಾಏಕಿ ಎದುರಾಗುತ್ತಿತ್ತು. ಮೊದಲು ಟೈರಿನಡಿಯ ಜಲ್ಲಿಯ ಸದ್ದು, ಆಮೇಲೆ ಹಾರ್ನು, ಆಮೇಲೆ ಕಿಟಕಿಯಿಂದ ಅವರ ದನಿ:

"ಸರಿಯೋ ಮಾರಾಯ! ಬ್ರೇಕ್ ಹಾಕಿದ್ರೆ ಓಟ ಹಾಳಾಗುತ್ತೆ!"

ತೊಂಬತ್ತರ ದಶಕದಲ್ಲಿ ನಾನು ಅವರ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಹಾಜರಿ, ಗೊಬ್ಬರ, ಕೊಯ್ಲಿನ ಲೆಕ್ಕ ನನ್ನದು. ಎಸ್ಟೇಟು ಅವರೊಬ್ಬರದಲ್ಲ, ಜಾವಳಿಗೆ ಮದುವೆಯಾಗಿ ಹೋಗಿದ್ದ ತಂಗಿ ಲೀಲಮ್ಮನವರಿಗೂ ಸೇರಿದ್ದು. ಗಂಡುಮಕ್ಕಳಿಲ್ಲದ ಅಪ್ಪ ದೊಡ್ಡ ಮಗಳಿಗೆ ಕಾರು ಓಡಿಸುವುದನ್ನು ಕಲಿಸಿದ್ದರು. ಚಿಕ್ಕ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸರೋಜಮ್ಮ ತವರಿಗೆ ಬಂದು ತೋಟ ನೋಡಿಕೊಂಡರು, ಅಪ್ಪನ ಕಾರನ್ನೂ ಓಡಿಸಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ಮೇಲೆ ಮಡಚಿದ ಗೋಣಿಚೀಲ ಹಾಕಿಕೊಂಡು ಅವರು ಕೂತರೆ ಸ್ಟೀರಿಂಗನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಆ ಕಾರಿನ ಎಂಜಿನ್ ಸವೆದು, ಹೊಗೆ ಕಾರಲು ಶುರುಮಾಡಿತು. ಕಳಸದ ಮೆಕ್ಯಾನಿಕ್ ಬಾಬಣ್ಣ ಬಾನೆಟ್ಟಿನಿಂದ ತಲೆ ಎತ್ತಿ ಹೇಳಿದ, "ಅಮ್ಮಾ, ಎರಡು ದಾರಿ ಇದೆ. ಇದನ್ನೇ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು ಹಾಕಬಹುದು. ಇಲ್ಲಾಂದ್ರೆ ಇದನ್ನ ಇಳಿಸಿ ಡೀಸೆಲ್ ಎಂಜಿನ್ ಕೂರಿಸಬಹುದು. ಡೀಸೆಲ್ ಆದ್ರೆ ಓಡಿಸೋ ಖರ್ಚು ಎಷ್ಟೋ ಕಡಿಮೆ."

"ಸ್ಟೀರಿಂಗು?" ಎಂದರು ಸರೋಜಮ್ಮ.

"ಗಟ್ಟಿಯಾಗುತ್ತೆ. ಮುಂದೆ ಭಾರ ಜಾಸ್ತಿ ಅಲ್ವಾ? ಡ್ರೈವರ್ ಇದ್ರೆ ಏನೂ ತೊಂದ್ರೆ ಇಲ್ಲ."

ಅವರು ಕೈ ಚಾಚಿ ಕಾರಿನ ಕೀಲಿ ವಾಪಸು ತೆಗೆದುಕೊಂಡರು.

ಆ ವೇಳೆಗೆ ಲೀಲಮ್ಮನವರ ಗಂಡ ಜಯಣ್ಣ ತಮ್ಮ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಹಾಕಿಸಿಯಾಗಿತ್ತು. ಒಮ್ಮೆ ನಾವು ಜಾವಳಿಗೆ ಹೋದಾಗ, ಕಾಫಿ ಒಣಗಿಸುವ ಕಣದಲ್ಲಿ ಗಾಡಿ ನಿಲ್ಲಿಸಿ, "ಅತ್ತಿಗೆ, ಒಂದು ಸುತ್ತು ಓಡಿಸಿ ನೋಡಿ" ಎಂದರು. ಸರೋಜಮ್ಮ ಹತ್ತಿ ಕೂತರು. ಗಾಡಿ ಮುಂದೆ ಹೋಯಿತು. ತಿರುಗಿಸಬೇಕಾದ ಕಡೆ ತಿರುಗಲಿಲ್ಲ. ಹಿಂದೊಮ್ಮೆ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಅವರ ಬಲಭುಜ ಏಟು ತಿಂದಿತ್ತು. ಗಾಡಿ ಕಣದ ಅಂಚಿನಲ್ಲಿ ಓರೆಯಾಗಿ ನಿಂತಿತು. ಅವರು ಇಳಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು, "ಎಂಥ ವಾಸನೆ ಮಾರಾಯ್ರೆ! ಬಸ್ಸಿನ ಹಿಂದೆ ನಿಂತ ಹಾಗಾಗುತ್ತೆ" ಎಂದರು. ಎಡಗೈ ಮಾತ್ರ ಬಲಭುಜವನ್ನು ಹಿಡಿದುಕೊಂಡಿದ್ದನ್ನು ನಾನು ನೋಡಿದೆ. ಜಗಲಿಯಲ್ಲಿ ನಿಂತಿದ್ದ ಲೀಲಮ್ಮನವರೂ ನೋಡಿರಬೇಕು.

"ವಾಸನೆ ಇದ್ರೂ ಲೀಟರಿಗೆ ಹದಿನಾಲ್ಕು ಕೊಡುತ್ತೆ ಅಕ್ಕ. ನಿಂದು ಎಷ್ಟು? ಎಂಟಾ?" ಎಂದರು.

ಆ ದಿನದಿಂದ ಈ ಮೈಲೇಜಿನ ಮಾತು ಮುಗಿಯಲೇ ಇಲ್ಲ. ಮದುವೆಮನೆಯ ಪಂಕ್ತಿಯಲ್ಲಿ, ತಿಥಿಯ ಊಟದಲ್ಲಿ, ಲೀಲಮ್ಮ ಯಾರಿಗೋ ಹೇಳುವ ಹಾಗೆ ಗಟ್ಟಿಯಾಗಿ "ನಮ್ಮದು ಹದಿನಾಲ್ಕು" ಎನ್ನುತ್ತಿದ್ದರು. ಸರೋಜಮ್ಮ ಸಾರನ್ನು ಅಲ್ಲಿಗೇ ಬಿಟ್ಟು ಎಲೆ ಮಡಚುತ್ತಿದ್ದರು. ವಾಪಸು ಬರುವಾಗ ಕಾರಿನಲ್ಲಿ ನನಗೆ ಪಾಠ: "ಅವಳಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ಗೊತ್ತಿಲ್ಲ, ರೈಟ್ರೆ. ಹದಿನಾಲ್ಕಂತೆ! ಹಿಂದೆ ಕೂತವರಿಗೆ ಎಂಥ ಮೈಲೇಜು?"

ಗಾಡಿಯ ಖರ್ಚು ಜಂಟಿ ಎಸ್ಟೇಟಿನ ಲೆಕ್ಕಕ್ಕೆ ಬರುತ್ತಿದ್ದುದರಿಂದ ಜಯಣ್ಣನವರ ಮಾತಿಗೂ ಬೆಲೆ ಕೊಡಬೇಕಿತ್ತು. ಕೊನೆಗೆ ಒಂದು ಒಪ್ಪಂದವಾಯಿತು. ಸರೋಜಮ್ಮನ ಇಷ್ಟದಂತೆ ಹಳೆ ಎಂಜಿನ್ನನ್ನೇ ಬೋರ್ ಮಾಡಿಸುವುದು. ಆಮೇಲೆ ಬಾಟ್ಲಿ ಕಟ್ಟಿ ನೋಡುವುದು. ಲೀಟರಿಗೆ ಹನ್ನೆರಡು ಕೊಡದಿದ್ದರೆ ಡೀಸೆಲ್ ಎಂಜಿನ್ ಹಾಕಿಸಿ, ಡ್ರೈವರ್ ಇಟ್ಟುಕೊಳ್ಳುವುದು. ಡ್ರೈವರ್ ಎಂಬ ಮಾತು ಬಂದಾಗ ಸರೋಜಮ್ಮನ ಮುಖ ಹೇಗಾಯಿತು ಎಂಬುದು ನನಗೆ ಈಗಲೂ ನೆನಪಿದೆ. ಯಾರೋ ಅವರ ಮನೆಯ ಬೀಗದ ಕೈ ಕೇಳಿದ ಹಾಗಿತ್ತು.

ಬಾಟ್ಲಿ ಕಟ್ಟುವುದೆಂದರೆ, ಅಳೆದ ಒಂದು ಲೀಟರ್ ಪೆಟ್ರೋಲನ್ನು ಬಾಟ್ಲಿಗೆ ತುಂಬಿ, ಅದರಿಂದ ಸಣ್ಣ ಪೈಪನ್ನು ನೇರವಾಗಿ ಎಂಜಿನ್ನಿಗೆ ಕೊಡುವುದು. ಅದು ಮುಗಿದು ಗಾಡಿ ನಿಲ್ಲುವವರೆಗೆ ಎಷ್ಟು ದೂರ ಹೋಯಿತೋ ಅದೇ ಮೈಲೇಜು. ಎಂಜಿನ್ ಕೆಲಸ ಮುಗಿದ ಮೇಲೆ ಬಾಬಣ್ಣ ಎಸ್ಟೇಟಿಗೇ ಬಂದು ಬಾಟ್ಲಿಯನ್ನು ನನ್ನ ಬದಿಯ ಕಿಟಕಿಯ ಹೊರಗೆ ಕಟ್ಟಿದ. ಅಲುಗಾಡದಂತೆ ಹಿಡಿದುಕೊಳ್ಳುವ ಕೆಲಸ ನನ್ನದು.

"ಕಳಸದ ಕಡೆ ಹೋಗೋಣ" ಎಂದರು ಸರೋಜಮ್ಮ.

"ಇಳಿಜಾರಲ್ಲಿ ಯಾರ ಗಾಡಿ ಆದ್ರೂ ಕೊಡುತ್ತೆ ಅತ್ತಿಗೆ" ಎಂದು ಜಯಣ್ಣ ನಕ್ಕರು.

"ನಿಮ್ಮ ಹದಿನಾಲ್ಕನ್ನ ಗುಡ್ಡ ಹತ್ತಿಸಿ ಅಳೆದ್ರಾ?"

 ಜಯಣ್ಣ ತಮ್ಮ ಡೀಸೆಲ್ ಗಾಡಿಯಲ್ಲಿ ನಮ್ಮ ಹಿಂದೆ ಹೊರಟರು. ಹಿಂದಿನ ಸೀಟಿನಲ್ಲಿ ಲೀಲಮ್ಮ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಇಳಿಜಾರಿನ ತಲೆಯಲ್ಲಿ ಸರೋಜಮ್ಮ ಎಂಜಿನ್ ನಿಲ್ಲಿಸಿದರು. ಬಾಟ್ಲಿಯಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಹೆಚ್ಚಿತ್ತು. ಅವರು ಅದನ್ನು ನೋಡಿ ನಕ್ಕರು. ಎರಡು ತಿರುವು ಸಲೀಸಾಗಿ ಹೋದವು. ಗೇರಿನ ಹಿಡಿತವಿಲ್ಲದ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆಯೇ ಬಿದ್ದಿತ್ತು. ಮೂರನೆಯದರ ಹತ್ತಿರ ಸುಟ್ಟ ರಬ್ಬರಿನಂಥ ವಾಸನೆ ಬಂತು. "ಅಮ್ಮಾ, ಗೇರಿಗೆ ಹಾಕಿ" ಎಂದೆ. "ಇನ್ನು ಸ್ವಲ್ಪ" ಎಂದರು. ಅವರ ಕಣ್ಣು ರಸ್ತೆಯ ಮೇಲೆ ಇರಲಿಲ್ಲ, ಕನ್ನಡಿಯಲ್ಲಿ ಕಾಣುತ್ತಿದ್ದ ತಂಗಿಯ ಕಾರಿನ ಮೇಲಿತ್ತು. ಆಮೇಲೆ ಅವರ ಕಾಲು ಬ್ರೇಕನ್ನು ಪೂರ್ತಿ ಕೆಳಗೆ ಒತ್ತಿತು. ಗಾಡಿ ನಿಧಾನವಾಗಲಿಲ್ಲ. ಗೇರು ಕರಕರ ಅಂದಿತು, ಬೀಳಲಿಲ್ಲ. ಎಡಗಡೆ ಪ್ರಪಾತ. ಸರೋಜಮ್ಮ ಕೂಗಲಿಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಲಕ್ಕೆ ಎಳೆದು, ಗಾಡಿಯನ್ನು ಗುಡ್ಡದ ಮಣ್ಣಿನ ದರೆಗೆ ನುಗ್ಗಿಸಿದರು.

ಮಣ್ಣು, ಜರೀಗಿಡ ಎಲ್ಲ ಬಾನೆಟ್ಟಿನ ಮೇಲೆ ಬಿತ್ತು. ನನಗೆ ಏನೂ ಆಗಲಿಲ್ಲ, ಆದರೆ ಕೈ ಬಾಟ್ಲಿಯನ್ನು ಬಿಡಲು ಒಪ್ಪಲಿಲ್ಲ. ಅವರ ತುಟಿ ಒಡೆದಿತ್ತು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಲೀಲಮ್ಮ ಬರಿಗಾಲಲ್ಲಿ ಓಡಿಬಂದು ಬಾಗಿಲು ಎಳೆದರು.

"ಬಾಟ್ಲಿ ನೋಡು ಲೀಲಾ" ಎಂದರು ಸರೋಜಮ್ಮ. "ಇನ್ನೂ ಉಳಿದಿದೆ."

"ಸಾಯ್ತಿದ್ದೆಯಲ್ಲೇ!" ಎಂದು ಲೀಲಮ್ಮ ಅಕ್ಕನನ್ನು ಅಲ್ಲೇ ಬೈದರು. ಬೈಯುತ್ತಲೇ ಅತ್ತರು.

ಆ ಭುಜ ಮತ್ತೆ ಸ್ಟೀರಿಂಗ್ ತಿರುಗಿಸಲಿಲ್ಲ. ಕಾರು ರಿಪೇರಿಯಾಯಿತು. ಜಯಣ್ಣ, "ಹೇಗೂ ಇನ್ನು ಡ್ರೈವರೇ ಓಡಿಸೋದು. ಡೀಸೆಲ್ ಹಾಕಿಸಿಬಿಡೋಣ" ಎಂದರು. ಆಗ ಲೀಲಮ್ಮ ಹೇಳಿದ್ದು ನಮಗೆಲ್ಲ ಆಶ್ಚರ್ಯ. "ಬೇಡ. ಅದು ಪೆಟ್ರೋಲೇ ಇರಲಿ. ಡೀಸೆಲ್ ಸ್ಟೀರಿಂಗ್ ನನಗೂ ತಿರುಗಲ್ಲ. ನಾನು ಕಲೀಬೇಕು."

ಜಯಣ್ಣ ಹೆಂಡತಿಯ ಮುಖ ನೋಡಿದರು. ಸರೋಜಮ್ಮ ಕಿಟಕಿಯಾಚೆ ನೋಡಿದರು.

ಕಲಿಸಿದ್ದು ಸರೋಜಮ್ಮನೇ. ಪಕ್ಕದ ಸೀಟಿನಲ್ಲಿ ಕೂತು, ಒಂದು ದಿನವೂ ಚೆನ್ನಾಗಿ ಓಡಿಸಿದೆ ಎನ್ನಲಿಲ್ಲ. "ಕ್ಲಚ್ಚನ್ನ ಕೆಸರು ತುಳಿದ ಹಾಗೆ ತುಳೀಬೇಡವೇ." "ಅಪ್ಪ ನೋಡಿದ್ರೆ ಇಳಿಸಿ ನಡೆಸ್ತಿದ್ರು." ಲೀಲಮ್ಮ ಇಳಿಜಾರಿನಲ್ಲಿ ಗೇರು ಬಿಡುತ್ತಿರಲಿಲ್ಲ. ಅಕ್ಕ ಎಷ್ಟು ಚುಚ್ಚಿದರೂ ಎಂಜಿನ್ ನಿಲ್ಲಿಸುತ್ತಿರಲಿಲ್ಲ. ನಾನು ಸರೋಜಮ್ಮನವರನ್ನು ಕೊನೆಯ ಸಲ ಮಾತಾಡಿಸಿದ್ದು ಆ ಕಾರಿನ ಕಿಟಕಿಯಲ್ಲೇ. ಕಾಯಿಲೆಯಿಂದ ಸಣ್ಣಗಾಗಿದ್ದರು. "ನೋಡಿ ರೈಟ್ರೆ, ಪೆಟ್ರೋಲ್ ಹೇಗೆ ಸುಡ್ತಾಳೆ" ಎಂದರು. ಅವರು ನೋಡುತ್ತಿದ್ದುದು ಪೆಟ್ರೋಲ್ ಮುಳ್ಳನ್ನಲ್ಲ, ಸ್ಟೀರಿಂಗಿನ ಮೇಲಿದ್ದ ತಂಗಿಯ ಕೈಗಳನ್ನು.

ಅವರು ಹೋದ ಮೇಲೆ ಒಂದು ಬೆಳಿಗ್ಗೆ ನಾನು ಇಳಿಜಾರಿನ ಮೊದಲ ತಿರುವಿನ ಕೆಳಗೆ ನಡೆದು ಹೋಗುತ್ತಿದ್ದೆ. ಮೇಲೆ ಪರಿಚಿತ ಎಂಜಿನ್ನಿನ ಸದ್ದು ಕೇಳಿತು. ಇಳಿಜಾರಿನ ತಲೆಗೆ ಬಂದು, ನಿಂತುಹೋಯಿತು. ಯೋಚಿಸುವ ಮೊದಲೇ ನಾನು ದರೆಗೆ ಒತ್ತಿಕೊಂಡು ನಿಂತಿದ್ದೆ. ಜಲ್ಲಿಯ ಸದ್ದಿಗೆ ಕಾದೆ. ಬರಲಿಲ್ಲ. ಬಹಳ ಹೊತ್ತಿನ ಮೇಲೆ ಎಂಜಿನ್ ಮತ್ತೆ ಶುರುವಾಗಿ, ಕಾರು ಗೇರಿನಲ್ಲೇ ಗುರುಗುಟ್ಟುತ್ತ ಇಳಿದು ನನ್ನ ಪಕ್ಕ ನಿಂತಿತು. ಲೀಲಮ್ಮ ಒಬ್ಬರೇ ಇದ್ದರು. ಪಕ್ಕದ ಸೀಟಿನಲ್ಲಿ ಮಡಚಿದ ಗೋಣಿಚೀಲ.

"ಆಫ್ ಮಾಡಿ ನೋಡಿದೆ ರೈಟ್ರೆ" ಎಂದರು. "ಬ್ರೇಕ್ ಬಿಡೋಕೆ ಧೈರ್ಯ ಬರಲಿಲ್ಲ. ಅವಳಿಗೆ ಹೇಗೆ ಬರ್ತಿತ್ತೋ! ಈಗಲೂ ಹೊಟ್ಟೆ ಉರಿಯುತ್ತೆ."