ಊಟದ ನಂತರ ಸಿನಿಮಾ

ನನ್ನ ತಂಗಿ ಸಿನಿಮಾ ಮಾಡುತ್ತಾಳೆ. ಬರೆಯುವವಳು, ನಿರ್ದೇಶಕಿ, ನಿರ್ಮಾಪಕಿ, ಮೂರೂ ಅವಳೇ. ಮೊದಲಿನ ಎರಡು ಸಿನಿಮಾ ಎಲ್ಲೆಲ್ಲೋ ಚಿತ್ರೋತ್ಸವಗಳಿಗೆ ಹೋಗಿ ಬಂದವು, ನಮ್ಮೂರಲ್ಲಿ ಯಾರೂ ನೋಡಿಲ್ಲ. ಮೂರನೆಯದನ್ನು ಬಸರೀಕಟ್ಟೆಯ ಸುತ್ತಮುತ್ತ ತೆಗೆದಳು. "ನಿಮ್ಮ ಕಡೆ ಜನ ಹೇಗೆ ನೋಡ್ತಾರೆ ಅಂತ ನೋಡಿ, ಆಮೇಲೆ ಥಿಯೇಟರಿನ ಮಾತು" ಅಂದರಂತೆ ಒಬ್ಬ ವಿತರಕರು. ಹಾಗಾಗಿ ಕೊಪ್ಪದಲ್ಲೊಂದು ಹಾಲ್ ಹಿಡಿದು, ಭಾನುವಾರ ಮಧ್ಯಾಹ್ನ ಪ್ರದರ್ಶನ ಇಟ್ಟು, ಅವರನ್ನೂ ಕರೆದಳು.

"ಅಕ್ಕ, ಜನ ಸೇರ್ಸೋದು ನಿನ್ನ ಕೆಲ್ಸ. ನಾನು ಕರೆದ್ರೆ ಯಾರು ಬತ್ತಾರೆ?"

ಕರೆಯುವುದು ನನಗೆ ಗೊತ್ತಿದ್ದದ್ದು ಒಂದೇ ರೀತಿ. ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋದೆ. ಮೆಣಸೆಯ ನೆಂಟರಿಗೂ, ಬಾಳೆಹೊನ್ನೂರಿನ ಅತ್ತಿಗೆಯ ಕಡೆಯವರಿಗೂ "ಮನೆಮಂದಿಯೆಲ್ಲ ಬರ್ಬೇಕು, ಊಟ ಅಲ್ಲೇ" ಅಂದೆ. ಊಟದ ಮಾತು ತಂಗಿಯದಲ್ಲ. ದೂರದಿಂದ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕತ್ತಲೆಯೊಳಗೆ ಕೂರಿಸುವುದು ಹೇಗೆ ಅಂತ ನಾನೇ ಅಡುಗೆಯವರಿಗೆ ಹೇಳಿದ್ದು.

ಹಾಲ್ ತುಂಬಿತು. ಚಿಕ್ಕಮ್ಮ ಒಬ್ಬರು ತಂಗಿಯ ಕೈಗೆ ಕವರ್ ತುರುಕಿ, "ಅಂತೂ ಗಟ್ಟಿಯಾಯ್ತಲ್ಲ ಮಾರಾಯ್ತಿ! ಹುಡುಗ ಎಲ್ಲಿ?" ಅಂದರು.

"ಹುಡುಗ ಅಲ್ಲ ಚಿಕ್ಕಮ್ಮ, ಸಿನಿಮಾ."

"ಸಿನಿಮಾಕ್ಕೆ ಪಾಯಸ ಎಂತಕ್ಕೆ?"

ವಿತರಕರು ನಕ್ಕರು. ತಂಗಿಯೂ ನಕ್ಕಳು. ಅಷ್ಟು ಜನರನ್ನು ನೋಡಿ ಅವಳ ಮುಖ ಅರಳಿತ್ತು.

ಊಟ ಮುಗಿಯಿತು. ನಾನು ಅಭ್ಯಾಸಬಲದಿಂದ ಅರಿಸಿನ-ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೆ. ನಮ್ಮಲ್ಲಿ ಕುಂಕುಮ ಕೊಟ್ಟರೆಂದರೆ ಇನ್ನು ಹೊರಡಬಹುದು ಅಂತಲೇ ಅರ್ಥ. ಹೆಂಗಸರು ಹಣೆಗಿಟ್ಟುಕೊಂಡು ಚಪ್ಪಲಿ ಹುಡುಕತೊಡಗಿದರು.

"ಸಿನಿಮಾ ಇನ್ನೂ ಇದೆಯಲ್ಲ..." ಅಂದೆ.

"ನೋಡ್ಬೇಕಿತ್ತು ಮಾರಾಯ್ತಿ, ಬಸ್ಸಿಗೆ ಹೊತ್ತಾಯ್ತು."

ಇನ್ನೊಮ್ಮೆ ತಡೆಯಲು ಬಾಯಿ ಬರಲಿಲ್ಲ. ಹೊರಟವರನ್ನು ನಗುನಗುತ್ತಾ ಕಳಿಸಬೇಕು ಅಂತ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು. ಒಬ್ಬೊಬ್ಬರಿಗೂ "ಹೋಗಿ ಬನ್ನಿ, ತುಂಬಾ ಸಂತೋಷ" ಅಂದೆ. ಒಳಗೆ ದೀಪ ಆರಿಸಿದ್ದೂ ಗೊತ್ತಾಗಲಿಲ್ಲ.

ಕೊನೆಗೆ ಒಳಗೆ ಹೋದರೆ, ಮುಂದೆ ಎರಡು ಸಾಲು ಜನ, ಹಿಂದೆ ಗೊರಕೆ ಹೊಡೆಯುತ್ತಿದ್ದ ಒಬ್ಬರು ಅಜ್ಜ. ಪರದೆಯ ಬೆಳಕು ಖಾಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹಸಿರಾಗಿ, ನೀಲಿಯಾಗಿ ಬೀಳುತ್ತಿತ್ತು. ತಂಗಿ ಪರದೆ ನೋಡುತ್ತಿರಲಿಲ್ಲ, ವಿತರಕರ ಮುಖ ನೋಡುತ್ತಿದ್ದಳು. ಅವರು ಫೋನ್ ನೋಡುತ್ತಿದ್ದರು. ನನಗೆ ನೆಲ ಬಿರಿದರೆ ಒಳಗೆ ಹೋಗಿಬಿಡೋಣ ಅನಿಸಿತು.

ಮುಗಿದ ಮೇಲೆ ಅವರು ಮೊದಲು ಬಂದದ್ದು ನನ್ನ ಹತ್ತಿರ. "ಊಟ ಬಹಳ ಚೆನ್ನಾಗಿತ್ತು ಮೇಡಂ." ಆಮೇಲೆ ತಂಗಿಗೆ, "ಇಲ್ಲಿನವರೇ ಕೂರಲಿಲ್ಲ ಅಂದ್ರೆ ಬೇರೆ ಊರವರನ್ನ ನಾನು ಹೇಗಮ್ಮ ಕೂರಿಸ್ಲಿ?" ಅಂದು ಕಾರು ಹತ್ತಿದರು.

ಪಾತ್ರೆಗಳನ್ನು ಜೀಪಿಗೆ ಏರಿಸುವಾಗ ತಂಗಿ ಬಂದು ಹಂಡೆಯ ಇನ್ನೊಂದು ಬದಿಯ ಬಳೆ ಹಿಡಿದಳು. ಅವಳ ಮುಖ ನೋಡಲಾಗದೆ ಹೇಳಿದೆ, "ಶುರುವಿನದ್ದು ನಾನೂ ನೋಡ್ಲಿಲ್ಲ ಕಣೇ."

"ಗೊತ್ತು ಅಕ್ಕ. ಶುರುವಿನಲ್ಲಿ ಮಾತೇ ಇಲ್ಲ, ಪೂರಾ ಮೌನ. ನೀನು 'ಹೋಗಿ ಬನ್ನಿ' ಅನ್ನೋದು ಒಳಗೆ ಚೆನ್ನಾಗಿ ಕೇಳ್ತಿತ್ತು."