ತಿಕ್ಕಿಟ್ಟ ಭಾಂಡೆ

ಗೋಕಾಕದ ಆಸ್ಪತ್ರೆಯೊಂದರಲ್ಲಿ ನಾನು ಲ್ಯಾಬ್ ಟೆಕ್ನಿಶಿಯನ್ ಆಗಿದ್ದ ಕೊನೆಯ ವರ್ಷಗಳ ಮಾತು. ಮೂಡಲಗಿ ಕಡೆಯ ಒಂದು ಹಳ್ಳಿಯಲ್ಲಿ ಕೂಸಿಗೆ ಹೆಸರಿಡುವ ಊಟ ಮಾಡಿದವರಿಗೆ ವಾಂತಿಭೇದಿ ಶುರುವಾಗಿತ್ತು. ಮರುದಿನ ಬೆಳಿಗ್ಗೆ ಮಾದರಿ ತರಲು ನನ್ನನ್ನು ಕಳಿಸಿದರು. ನನ್ನ ಕ್ರಮ ಯಾವಾಗಲೂ ಒಂದೇ: ಮೊದಲು ಉಳಿದ ಅಡುಗೆ, ಆಮೇಲೆ ನೀರು, ಕೊನೆಗೆ ರೋಗಿಗಳು.

ಅಂದು ಮೊದಲನೆಯದೇ ಸಿಗಲಿಲ್ಲ. ಹಿತ್ತಿಲಲ್ಲಿ ದೊಡ್ಡ ಪಾತ್ರೆಗಳೆಲ್ಲ ಬೂದಿಯಿಂದ ತಿಕ್ಕಿಸಿಕೊಂಡು ಬೋರಲು ಬಿದ್ದಿದ್ದವು. ಪಕ್ಕದಲ್ಲಿ ಅಡುಗೆಗೆ ಗೊತ್ತು ಮಾಡಿದ್ದ ಹೆಂಗಸು ಕೂತಿದ್ದಳು.

"ನೋಡ್ರಿ ಸಾಹೇಬ್ರ, ಸಾಕ್ಷಿ ತೊಳದ ಇಟ್ಟಾಳ!" ಎಂದ ಮನೆಯ ಯಜಮಾನ.

"ಮುಸುರಿ ಭಾಂಡೆ ಹಂಗ ಬಿಟ್ಟ ಮಲಗಾಕ ನಾ ಏನ ಗಂಡಸೇನ್ರಿ? ಉಳದದ್ದ ನಿಮ್ಮ ಎಮ್ಮಿಗೇ ಹಾಕೇನಿ. ಮುಂಜಾನೆ ಹಾಲ ಕೊಟ್ಟೈತಿ, ಅದನ್ನ ಕೇಳ್ರಿ."

ಒಳಗಿನಿಂದ ಯಜಮಾನನ ತಾಯಿ ಕೂಗಿದರು: "ನಾನ ತಿಕ್ಕಂತ ಹೇಳೇನೋ ಆಕಿಗಿ! ಮನ್ಯಾಗ ರಾತ್ರಿ ಮುಸುರಿ ಇಡಬಾರ್ದಂತ ಗೊತ್ತಿಲ್ಲೇನ ನಿನಗ?"

ಅಡುಗೆಯವಳ ಚಿಂತೆ ಬೇರೆಯೇ ಇತ್ತು. ಹುಕ್ಕೇರಿಯಲ್ಲಿ ಒಂದು ಮದುವೆಯ ಅಡುಗೆ ಒಪ್ಪಿದ್ದಳು. ಸುದ್ದಿ ಅಲ್ಲಿಗೂ ಮುಟ್ಟಿ, ರಿಪೋರ್ಟ್ ಬರುವವರೆಗೆ ಬರಬೇಡ ಎಂದಿದ್ದರು. ಅದು ತಪ್ಪಿದರೆ ಸುತ್ತಲಿನ ಯಾವ ಮನೆಯವರೂ ಅವಳನ್ನು ಕರೆಯುವಂತಿರಲಿಲ್ಲ.

ಕುಡಿಯಲು ಡ್ರಮ್ಮಿನಲ್ಲಿ ತುಂಬಿಟ್ಟಿದ್ದ ನೀರನ್ನು ಶುದ್ಧ ಬಾಟಲಿಗೆ ಹಿಡಿದು ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿದೆ. ರೋಗಿಗಳ ಸ್ವ್ಯಾಬುಗಳನ್ನು ಮಂಜುಗಡ್ಡೆಯಿಲ್ಲದ ಬೇರೆ ಡಬ್ಬಿಯಲ್ಲಿಟ್ಟೆ. ತೀರಾ ತಣ್ಣಗಾದರೆ ಅವುಗಳಲ್ಲಿನ ಬ್ಯಾಕ್ಟೀರಿಯಾ ಸಾಯಬಹುದು, ಸತ್ತದ್ದು ಪರೀಕ್ಷೆಯಲ್ಲಿ ಬೆಳೆಯುವುದಿಲ್ಲ. ಅಂದೇ ಬೆಳಗಾವಿಗೆ ಹೋಗಿ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದಲ್ಲಿ ಕೊಟ್ಟು ಬಂದೆ.

ರಿಪೋರ್ಟ್ ಬಂದಾಗ ಅವಳೇ ಗೋಕಾಕಕ್ಕೆ ಬಂದಳು. ಡ್ರಮ್ಮಿನ ನೀರಿನಲ್ಲೂ ರೋಗಿಗಳಲ್ಲೂ ಒಂದೇ ಬಗೆಯ ಬ್ಯಾಕ್ಟೀರಿಯಾ ಸಿಕ್ಕಿದೆ ಎಂದು ಓದಿ ಹೇಳಿದೆ.

"ನನ್ನ ಅಡಿಗಿ ಬಗ್ಗೆ ಏನ ಬರದಾರ್ರಿ?"

"ಏನೂ ಇಲ್ಲವ್ವಾ. ನಾವು ಕಳಸೇ ಇಲ್ಲ, ಹೆಂಗ ಬರೀತಾರ?"

"ಹಂಗಂದ್ರ ಚಲೋ ಅಂತನೋ, ಕೆಟ್ಟದ್ದ ಅಂತನೋ?"

"ಎರಡೂ ಅಲ್ಲ."

ಅವಳು ಹುಕ್ಕೇರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಇದ್ದದ್ದನ್ನೇ ಹೇಳಿದೆ: ನೀರು ಕೆಟ್ಟಿತ್ತು, ಅಡುಗೆಯ ಪರೀಕ್ಷೆ ಆಗಿಲ್ಲ. ಮದುಮಗಳ ತಂದೆ "ಹಂಗಾದ್ರ..." ಎಂದು ರಾಗ ಎಳೆದರು. ಅವಳು ಫೋನ್ ಕಸಿದುಕೊಂಡಳು.

"ಕಾಕಾರ, ಮದಲ ನಿಮ್ಮ ನೀರ ತಪಾಸ ಮಾಡಸ್ರಿ. ಅದು ಚಲೋ ಇದ್ರಷ್ಟ ನಾ ಬರ್ತೇನಿ. ಇಲ್ಲಂದ್ರ ನೀವು ಕರದ್ರೂ ಬರೂದಿಲ್ಲ."

ಮರುದಿನ ಮದುಮಗಳ ತಂದೆ ಬೈಕಿನ ಮೇಲೆ ನನ್ನ ಲ್ಯಾಬಿಗೆ ಬಂದರು. ತಂಪು ಪಾನೀಯದ ಬಾಟಲಿಯೊಂದರಲ್ಲಿ ನೀರು ತಂದಿದ್ದರು. "ಬಾಟ್ಲಿ ಚಂದಾಗಿ ತೊಳದೇನ್ರಿ" ಎಂದರು. ಅದನ್ನು ಮೋರಿಗೆ ಚೆಲ್ಲಿ, ಕ್ರಿಮಿಯಿಲ್ಲದಂತೆ ಮಾಡಿಟ್ಟ ನಮ್ಮ ಬಾಟಲಿ ಕೊಟ್ಟು, ಇದನ್ನು ತೊಳೆಯಬೇಡಿ, ತುಂಬುವಾಗ ಮಾತ್ರ ಮುಚ್ಚಳ ತೆಗೆಯಿರಿ ಎಂದೆ.

"ಮತ್ತ ಹುಕ್ಕೇರಿಗೆ ಹೋಗಿ ಬರಬೇಕೇನ್ರಿ?"

"ಹೌದ್ರಿ."

"ಲಗೂ ರಿಪೋರ್ಟ್ ತರಸ್ರಿ, ಸಾಹೇಬ್ರ. ಅಕ್ಕಿ ಎಷ್ಟ ಬೇಕಂತ ಕೇಳಿದ್ರ, ನೀರಿನ ರಿಪೋರ್ಟ್ ಬಂದ ಮ್ಯಾಲ ಹೇಳ್ತೇನಿ ಅಂತಾಳ ಆಕಿ."